ಕ್ಯಾರಿಯರ್ ಇಲ್ಲದವರ ಸೈಕಲ್ ದಿನ

ಜೂನ್ 3 ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಕಾಸರಗೋಡಿನವರನ್ನು ಒಂದು ಮಾತು ಕೇಳಿದ್ದರೆ, ಕೇರಳಕ್ಕೆ ಮಳೆ ಕಾಲಿಡುವುದೇ ಜೂನ್ 1ರ ಆಸುಪಾಸಿನಲ್ಲಿ ಅಂತ ಹೇಳುತ್ತಿದ್ದೆವು. ಇರಲಿ, ಬ್ಯಾನರ್ ಅಚ್ಚಾಗಿದೆ. ಮಳೆ ಎಷ್ಟೇ ಹೊಯ್ಯಲಿ, ಜಾಥಾ ಆಗಲೇಬೇಕು.

ಜಾಥಾದ ಸೈಕಲ್ಲುಗಳು ಬರುವುದು ಕಾರಿನ ತಲೆ ಮೇಲೆ. ಸೈಕಲ್ ಪ್ರೇಮಿ ಒಳಗೆ ಎಸಿ ಹಾಕಿಕೊಂಡು ಕೂತಿರುತ್ತಾರೆ. ಕೆಳಗಿಳಿಸಿ ನೋಡಿದರೆ ಅದಕ್ಕೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇಲ್ಲದ್ದು ಜಾಸ್ತಿಯಾದಷ್ಟೂ ಬೆಲೆ ಜಾಸ್ತಿ! ಹಾಗಾಗಿ ಉದ್ಘಾಟಕರ ಬಿಳಿ ಅಂಗಿಯ ಬೆನ್ನಿಗೆ ಕೆಸರಿನ ಕೆಂಪು ಪಟ್ಟೆ ಏಳುತ್ತದೆ. ಅವರ ಕೊಡೆ, ನೀರಿನ ಬಾಟಲಿ, ಉಪ್ಪಿಟ್ಟಿನ ಪೊಟ್ಟಣ ಎಲ್ಲ ಹಿಂದಿನ ಜೀಪಿನಲ್ಲಿ.

ಅದೇ ಹೊತ್ತಿಗೆ ಸರ್ವಿಸ್ ರಸ್ತೆಯಲ್ಲಿ ಒಬ್ಬರು ಸೈಕಲ್ಲಿಗೆ ಹಿಂಡಿ ಗೋಣಿ ಹೇರಿ ತಳ್ಳಿಕೊಂಡು ಬರುತ್ತಾರೆ. 50 ಕಿಲೋ. ಅಂಗಡಿಯವರು ಬೇರೆ ದುಡ್ಡು ತೆಗೆದುಕೊಂಡು ಹಾಕಿಕೊಡುವ ಹೊಸ ಕ್ಯಾರಿಯರುಗಳ ಮೇಲೆ ಹೆಚ್ಚಾಗಿ 25 ಕಿಲೋ ಅಂತ ಬರೆದಿರುತ್ತದೆ. 14.2 ಕಿಲೋ ಗ್ಯಾಸು ತುಂಬಿದ ಸಿಲಿಂಡರು ಕಬ್ಬಿಣವೂ ಸೇರಿ ಅದನ್ನು ದಾಟುತ್ತದೆ. ಇವರ ಹಳೇ ಕ್ಯಾರಿಯರ್ ಶಾಲೆಗೆ ಹೋದದ್ದಲ್ಲ, ಓದಿ ಹೆದರುವುದಿಲ್ಲ. ಭಾರ ಹಿಂದಿನ ಚಕ್ರದ ಅಚ್ಚು ದಾಟಿ ಹಿಂದಕ್ಕೆ ಹೋದರೆ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತದೆ. ಅದಕ್ಕೇ ಗೋಣಿಯನ್ನು ಸೀಟಿಗೆ ಒತ್ತಿ, ಹಳೇ ಟ್ಯೂಬು ಸೀಳಿದ ಪಟ್ಟಿಯಲ್ಲಿ ಬಿಗಿದಿದ್ದಾರೆ. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಗೋಣಿಗೆ.

ತಳ್ಳುವ ದೂರವೂ ಈಗ ಬೆಳೆದಿದೆ. ತಲಪಾಡಿಯಿಂದ ಈಚೆಗೆ 66ನೇ ಹೆದ್ದಾರಿ ಆರು ಪಥ ಆಗಿದೆಯಲ್ಲ. ಎದುರಿನ ಅಂಗಡಿ ಕಣ್ಣಿಗೆ ಕಾಣುತ್ತದೆ, ಸೈಕಲ್ಲಿಗೆ ಸಿಗುವುದಿಲ್ಲ. ಅಂಡರ್‌ಪಾಸ್ ಹುಡುಕಿಕೊಂಡು ಹೋಗಿ ತಿರುಗಿ ಬರಬೇಕು.

"ಬದಿಗೆ ನಿಲ್ಲಿ ಮಾರಾಯ್ರೆ, ಸೈಕಲ್ ಜಾಥಾ ಬರ್ತಾ ಉಂಟು," ಅಂತ ಪೊಲೀಸರು ಸೀಟಿ ಊದುತ್ತಾರೆ.

"ಇದೂ ಸೈಕಲ್ಲೇ ಅಲ್ವಾ ಸಾರ್?"

"ಇದು ಲೋಡು."

ವೇದಿಕೆಯಲ್ಲಿ ಪೆಟ್ರೋಲ್ ಉಳಿಸುವ ಪ್ರತಿಜ್ಞೆ ಆಗುತ್ತದೆ. ಜೀಪು ಆಫ್ ಮಾಡಿರುವುದಿಲ್ಲ, ಮೈಕಿಗೆ ಅದರದ್ದೇ ಬ್ಯಾಟರಿ. ಆಮೇಲೆ ಸೈಕಲ್ಲಿಗೇ ಬೇರೆ ದಾರಿ ಬೇಕು ಅಂತ ಮನವಿ ಓದುತ್ತಾರೆ. ಬಂದರೂ ಬರಬಹುದು. ಬಂದ ಮಾರನೇ ದಿನ ಅದರ ಬಾಯಲ್ಲಿ 'ಸರಕು ಸೈಕಲ್ಲಿಗೆ ಪ್ರವೇಶವಿಲ್ಲ' ಅಂತ ಬೋರ್ಡೂ ಬೀಳುತ್ತದೆ, ಮಲಯಾಳದಲ್ಲಿ. ಕನ್ನಡದ್ದು ಬರೆಸುವಷ್ಟರಲ್ಲಿ ನಮ್ಮ ಗೋಣಿಯವರು, ಓದಲು ಬಾರದವರ ಹಾಗೆ, ನಾಲ್ಕಾರು ವರ್ಷ ಆರಾಮಾಗಿ ಅದೇ ದಾರಿಯಲ್ಲಿ ಹಿಂಡಿ ಸಾಗಿಸಬಹುದು.