ಬರ್ಲಿನ್ನಿನಲ್ಲಿ ಕೊಸರು ಕೇಳಿದ ಅತ್ತೆ

ಬಸವನಗುಡಿಯಿಂದ ಸೋದರತ್ತೆ ಬರ್ಲಿನ್ನಿಗೆ ಬಂದಿಳಿದದ್ದು ಶನಿವಾರ ರಾತ್ರಿ. "ನಾಳೆ ಹೇಗೂ ನಿನಗೆ ರಜೆ, ಅಂಗಡಿ ಸುತ್ತೋಣ" ಎಂದರು. ಭಾನುವಾರ ಇಲ್ಲಿ ಅಂಗಡಿಗಳಿಗೂ ರಜೆ ಎಂದರೆ ನಂಬಲೇ ಇಲ್ಲ. ಜನರಿಗೆ ಬಿಡುವಿರುವ ದಿನವೇ ಬಾಗಿಲು ಹಾಕಿದರೆ ವ್ಯಾಪಾರ ಯಾವಾಗ? ಗಾಂಧಿಬಜಾರು ಕಂಡವರ ನ್ಯಾಯವಾದ ಪ್ರಶ್ನೆ. ಮೊದಲ ವರ್ಷ ನಾನೂ ಹೀಗೇ ಗೊಣಗಿದ್ದೆ. ಈಗ ಗಲ್ಲೆಯಲ್ಲಿ ಕೂರುವವರಿಗೂ ವಾರಕ್ಕೊಂದು ದಿನ ಮನೆಯವರೊಡನೆ ಊಟ ಸಿಗಲಿ ಎನ್ನುವ ಕಡೆಗೆ ವಾಲಿದ್ದೇನೆ. ತೀರಾ ಹಾಲು, ಬ್ರೆಡ್ಡು ಬೇಕಾದರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ, ಜಾತ್ರೆಯ ನೂಕುನುಗ್ಗಲಿಗೆ ಸಿದ್ಧರಿರಬೇಕು. ಹಳೆಯ ಸಾಮಾನಿನ ಹುಚ್ಚಿದ್ದವರಿಗೆ ಮೌವರ್‌ಪಾರ್ಕಿನ ಭಾನುವಾರದ ಸಂತೆಯೂ ಇದೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರಿಲ್ಲ. ಗಲ್ಲೆಯವರ ಕೈವೇಗಕ್ಕೆ ನಮ್ಮ ಕೈ ಸಾಟಿಯಾಗಬೇಕು. ಅತ್ತೆ ಊರಿನಿಂದಲೇ ಬಟ್ಟೆಯ ಚೀಲ ತಂದಿದ್ದರು, ಅದರಲ್ಲಿ ಮಾತ್ರ ಅವರು ನನಗಿಂತ ಜರ್ಮನ್. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ; ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ತಿನ್ನಿಸಿದರೆ ಹಣ ವಾಪಸ್ಸು. ಬೇಡವೆನ್ನುವವರು ಬಾಟಲಿಯನ್ನು ಕಸದ ತೊಟ್ಟಿಯೊಳಗೆ ಎಸೆಯದೆ ಪಕ್ಕದಲ್ಲಿ ಇಡುತ್ತಾರೆ, ಆಯುವವರಿಗೆ ಸಿಗಲೆಂದು. ನಮ್ಮ ಬೀದಿಯ ಗುಜರಿಯವನ ಲೆಕ್ಕವೇ ಇದು, ಕೂಗು ಮಾತ್ರ ಇಲ್ಲ.

ಬೆಲೆಚೀಟಿಯಲ್ಲಿ ಇರುವುದೇ ಕೊನೆಯ ಬೆಲೆ, ತೆರಿಗೆ ಅದರೊಳಗೇ ಸೇರಿದೆ. ಭಾರತದಿಂದ ಬಂದ ಪ್ರವಾಸಿಗರು ಅಂಗಡಿಯೊಂದರಲ್ಲಿ 50 ಯೂರೋ ಮೀರಿ ಕೊಂಡರೆ ಆ ತೆರಿಗೆಯನ್ನು ಹಿಂದಕ್ಕೆ ಪಡೆಯಬಹುದು, ಆ ಸೌಲಭ್ಯವಿರುವ ಅಂಗಡಿಯಾದರೆ. ಶೇ. 19 ಎಂದು ಕೇಳಿದ್ದೇ ಅತ್ತೆ ನೂರಕ್ಕೆ 19 ಯೂರೋ ಎಣಿಸಿಬಿಟ್ಟರು. ತೆರಿಗೆ ಬೆಲೆಯೊಳಗೇ ಇರುವುದರಿಂದ ಅದು 119ರಲ್ಲಿ 19. ನಡುವಿನ ಸಂಸ್ಥೆಯ ಕಮಿಷನ್ ಕಳೆದರೆ ಕೈಗೆ ಬರುವುದು ಇನ್ನೂ ಕಡಿಮೆ. ಕೊಂಡದ್ದನ್ನು ಬಳಸದೆ, ರಸೀದಿಯೊಡನೆ, ಹೊರಡುವ ದಿನ ವಿಮಾನ ನಿಲ್ದಾಣದ ಸುಂಕದವರಿಗೆ ತೋರಿಸಿ ಮುದ್ರೆ ಹಾಕಿಸಬೇಕು. ಹೊಸ ಕೋಟು ಹಾಕಿಕೊಂಡು ಹೋಗಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆ ಗಾದೆ ಯಾಕೆ ಹುಟ್ಟಿತೆಂದು ತಿಳಿಯುತ್ತದೆ.

ನೆನಪಿನ ಕಾಣಿಕೆಗಳಲ್ಲಿ, ಬರ್ಲಿನ್ ಗೋಡೆಯ ಚೂರು ಎಂದು ಮಾರುವ ಬಣ್ಣ ಬಳಿದ ಕಾಂಕ್ರೀಟಿನ ಮೇಲೆ ನನಗೆ ನಂಬಿಕೆಯಿಲ್ಲ. 1961ರಲ್ಲಿ ಪೂರ್ವ ಬರ್ಲಿನ್ನಿನಲ್ಲಿ ರೂಪುಗೊಂಡ, ಟೋಪಿ ತೊಟ್ಟ ಸಿಗ್ನಲ್ ದೀಪದ ಪುಟ್ಟ ಮನುಷ್ಯನ ಚಿತ್ರವಿರುವ ಲೋಟ ವಾಸಿ.

ಆದರೆ ಅತ್ತೆಯ ಕೊರಗೇ ಬೇರೆ. ಎಲ್ಲವೂ ಸರಿ, ಚೌಕಾಸಿ ಇಲ್ಲ, ಮಾತಿಲ್ಲ, ಕೊಸರಿಲ್ಲ. ಇದೂ ಒಂದು ವ್ಯಾಪಾರವೇ? ಶುಕ್ರವಾರ ಸಂಜೆ ಅವರನ್ನು ಮೈಬಾಖ್‌ಊಫರ್‌ಗೆ ಕರೆದೊಯ್ದೆ. ಕಾಲುವೆಯ ದಂಡೆಯ ಮೇಲೆ ಮಂಗಳವಾರ, ಶುಕ್ರವಾರ ಸೇರುವ ತುರ್ಕಿ ಸಂತೆ ಅದು. ಜೇಬಿನಲ್ಲಿ ಚಿಲ್ಲರೆ ಇರಲಿ. ತಳ್ಳುಗಾಡಿಗೂ ಮೊಬೈಲ್ ತೋರಿಸಿ ಹಣ ಕಟ್ಟುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಮುಚ್ಚುವ ಹೊತ್ತಿಗೆ ವ್ಯಾಪಾರಿಗಳು ಕೂಗಿ ಕೂಗಿ ಬೆಲೆ ಇಳಿಸುತ್ತಾರೆ. ಅತ್ತೆ ಬದನೆಕಾಯಿ ತೂಗಿಸಿ, ಚೀಲದ ಬಾಯಿ ಅಗಲಿಸಿ ಹಿಡಿದು, "ಕೊಸರು ಹಾಕಪ್ಪಾ" ಎಂದರು, ಅಚ್ಚ ಕನ್ನಡದಲ್ಲಿ. ಅವನು ನಕ್ಕು ಇನ್ನೆರಡು ಹಾಕಿದ.

ಹತ್ತು ವರ್ಷದಿಂದ ಆ ಸಂತೆಗೆ ಹೋಗುತ್ತಿದ್ದೇನೆ. ನನಗೆ ಒಮ್ಮೆಯೂ ಕೇಳಬೇಕೆಂದು ತೋಚಿರಲಿಲ್ಲ.