ಚರ್ಚಿನೊಳಗೆ ಸ್ಕೇಟ್‌ಬೋರ್ಡ್ ಓಡಿಸಿದರೆ ತಪ್ಪೇನು?

ಉತ್ತರ ಸ್ಪೇನಿನ ಅಸ್ಟೂರಿಯಾಸ್‌ನಲ್ಲಿ ನಮ್ಮ ಮಲೆನಾಡಿನ ಹಾಗೆ ಮಳೆ ಜಾಸ್ತಿ. ಅಲ್ಲಿನ ಯಾನೆರಾದಲ್ಲಿ 1912ರಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರಿಗೆ ಅಂತ ಒಂದು ಚರ್ಚ್ ಕಟ್ಟಿದರು. ಸಿಡಿಮದ್ದಿನ ಜೊತೆ ಕೆಲಸ ಮಾಡುವವರನ್ನು ಕಾಯುವವಳು ಸಂತ ಬಾರ್ಬರಾ ಅಂತ ನಂಬಿಕೆ. ಹಾಗಾಗಿ ಚರ್ಚಿಗೂ ಅವಳದೇ ಹೆಸರು. ಆಮೇಲೆ ಪೂಜೆ ನಿಂತಿತು, ಕಟ್ಟಡ ಪಾಳು ಬಿತ್ತು.

ಈಗ ಅದು ಲಾ ಇಗ್ಲೇಸಿಯಾ ಸ್ಕೇಟ್. ಸ್ಕೇಟ್‌ಬೋರ್ಡ್ ಹುಡುಗರು ಒಳಗೆ ಇಳಿಜಾರು ಕಟ್ಟಿಕೊಂಡರು. ಆನ್‌ಲೈನ್‌ನಲ್ಲಿ ಚಂದಾ ಎತ್ತಿದರು, ಪಾನೀಯ ಕಂಪನಿ ರೆಡ್ ಬುಲ್ ಕೂಡ ಕೈಜೋಡಿಸಿತು. 2015ರಲ್ಲಿ ಕಲಾವಿದ ಒಕುಡಾ ಸ್ಯಾನ್ ಮಿಗೆಲ್ ಗೋಡೆ, ಕಮಾನುಗಳ ತುಂಬಾ ಬಣ್ಣ ಬಳಿದರು.

ಫೋಟೊ ನೋಡಿದವರು "ಛೇ, ದೇವರ ಮನೇಲಿ ಇದೇನು!" ಅಂತಾರೆ. ಆದರೆ ಕ್ಯಾಥೊಲಿಕ್ ಧರ್ಮನಿಯಮದ 1222ನೇ ಕಲಂ ಇದಕ್ಕೆ ದಾರಿ ಬಿಟ್ಟಿದೆ. ಪೂಜೆಗೆ ಬಾರದ, ದುರಸ್ತಿಯೂ ಆಗದ ಚರ್ಚನ್ನು ಬಿಷಪ್ ಬೇರೆ ಬಳಕೆಗೆ ಬಿಡಬಹುದು. ಆ ಬಳಕೆ ಹೇಸಿಗೆಯದ್ದಾಗಬಾರದು, ಅಷ್ಟೇ. ಮಕ್ಕಳು ಆಡುವುದು ಹೇಸಿಗೆಯಾ?

ನನ್ನ ಕೇಳಿದರೆ, ಪಾಳು ಚರ್ಚನ್ನು ಫ್ಲ್ಯಾಟ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಫ್ಲ್ಯಾಟ್ ಅಂದರೆ ಆ ದೊಡ್ಡ ಹಜಾರದ ನಡುವೆ ಮಹಡಿ, ಗೋಡೆ ಎಬ್ಬಿಸಬೇಕು. ಆಮೇಲೆ ಒಳಗೆ ಹೋಗೋಕೆ ಅಲ್ಲಿ ಮನೆ ಕೊಂಡವರಿಗೆ ಮಾತ್ರ ಅವಕಾಶ. ಆಟಕ್ಕೆ ಬೇಕಾಗಿರುವುದೇ ಆ ಎತ್ತರ, ಆ ಅಗಲ. ಮ್ಯಾಂಚೆಸ್ಟರಿನ ಆರ್ಡ್ವಿಕ್‌ನಲ್ಲಿ 1880ರಲ್ಲಿ ಮುಗಿದ ಸೇಂಟ್ ಬೆನೆಡಿಕ್ಟ್ಸ್ ಚರ್ಚ್ ಇದೆ. ಈಗ ಅದರೊಳಗೆ ಜನ ಹಗ್ಗ ಕಟ್ಟಿಕೊಂಡು ಕೃತಕ ಬಂಡೆ ಹತ್ತುತ್ತಾರೆ. ಅಷ್ಟು ಎತ್ತರದ ಚಾವಣಿ ಊರೊಳಗೆ ಇನ್ನೆಲ್ಲಿ ಸಿಗಬೇಕು? ನೆದರ್ಲೆಂಡ್ಸ್‌ನ ಆರ್ನೆಮ್‌ನಲ್ಲೂ ಸೇಂಟ್ ಜೋಸೆಫ್ ಚರ್ಚು ಸ್ಕೇಟಿಂಗ್ ಹಾಲ್ ಆಯಿತು.

ತಕರಾರು ನನಗೂ ಒಂದಿದೆ. ಇಳಿಜಾರನ್ನು ನಾಳೆ ಬಿಚ್ಚಬಹುದು, ಬಣ್ಣವನ್ನು ಕೆರೆದು ತೆಗೆಯುವುದು ಸುಲಭವಲ್ಲ. ಯಾನೆರಾದ ಬಣ್ಣ ಚೆಂದವಾಗಿಯೇ ಇದೆ, ಆದರೆ ಹಳೆಯ ಚಿತ್ರಗಳಿರುವ ಗೋಡೆಯ ಮೇಲೆ ಹೀಗೆ ಮಾಡಲು ನಾನಂತೂ ಒಪ್ಪಲಾರೆ.

"ಹಾಗಾದ್ರೆ ನಮ್ಮ ಶೆಟ್ಟಿಹಳ್ಳಿ ಚರ್ಚ್?" ಅಂತ ಯಾರಾದರೂ ಕೇಳೇ ಕೇಳ್ತೀರಿ. ಹಾಸನದ ಆ ಚರ್ಚಿನ ಕಥೆ ಬೇರೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಮಳೆಗಾಲದಲ್ಲಿ ಅದನ್ನು ಅರ್ಧ ಮುಳುಗಿಸುತ್ತದೆ. ಚಾವಣಿ ಹೋಗಿ ಎಷ್ಟೋ ಕಾಲ ಆಯಿತು. ಅಲ್ಲಿ ಹೊಸ ಆಟ ಏನೂ ಬೇಡ. ಫೋಟೊಗೆ ಅಂತ ಆ ಗೋಡೆ ಹತ್ತುವುದನ್ನು ಮೊದಲು ಬಿಡಿ, ಸಾಕು.