ಲಡಾಖಿಗೆ ಹೋಗುವುದಾದರೆ ದಸರೆಯ ಹೊತ್ತಿಗೆ ಹೋಗಿ

ಯುಗಾದಿ ಕಳೆಯುತ್ತಿದ್ದಂತೆ ಗೆಳೆಯರಿಂದಲೂ ಬಂಧುಗಳಿಂದಲೂ ನನಗೆ ತಪ್ಪದೆ ಬರುವ ಪ್ರಶ್ನೆಯೊಂದಿದೆ: "ಮಕ್ಕಳಿಗೆ ಬೇಸಿಗೆ ರಜೆ, ಮೇ ತಿಂಗಳಲ್ಲಿ ಲಡಾಖಿಗೆ ಹೋಗಿಬರಬಹುದಲ್ಲವೇ?" ಹೋಗಬಹುದು. ಲೇಹ್‌ಗೆ ವರ್ಷವಿಡೀ ವಿಮಾನವಿದೆ. ಆದರೂ ಮೊದಲ ಸಲ ಹೋಗುವವರಿಗೆ ಮೇ ಬೇಡವೆಂದೇ ನಾನು ಹೇಳುತ್ತ ಬಂದಿದ್ದೇನೆ. ಪ್ರತಿ ಸಲವೂ ಫೋನಿನಲ್ಲಿ ಅರ್ಧ ಹೇಳಿ ನಿಲ್ಲಿಸುವ ಈ ಮಾತನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

2018ರ ಮೇ ತಿಂಗಳಲ್ಲಿ ನಾನೂ ನನ್ನ ಅಣ್ಣನೂ ಕುಟುಂಬ ಸಮೇತ ಹೋಗಿದ್ದೆವು. ಪ್ರವಾಸ ಏರ್ಪಡಿಸಿದವರು ಐದು ರಾತ್ರಿಗಳಲ್ಲಿ ಎಲ್ಲವನ್ನೂ ತೋರಿಸುತ್ತೇವೆಂದು ಹೇಳಿ, ಲೇಹ್ ತಲುಪಿದ ಮರುದಿನವೇ ನಮ್ಮನ್ನು ಪ್ಯಾಂಗಾಂಗ್ ಸರೋವರಕ್ಕೆ ಹೊರಡಿಸಿದರು. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ಈ ಎತ್ತರದ ಅಂದಾಜು ಸಿಗುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಭಾಗದಷ್ಟೇ ಇರುವುದರಿಂದ ಪ್ರತಿ ಉಸಿರಿಗೂ ದೇಹಕ್ಕೆ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಅದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಕನಿಷ್ಠ ಎರಡು ಪೂರ್ತಿ ದಿನಗಳ ವಿಶ್ರಾಂತಿ ಬೇಕು. ನಾವು ಅದನ್ನು ಕೊಡಲಿಲ್ಲ. 5,300 ಮೀಟರಿಗೂ ಎತ್ತರದ ಚಾಂಗ್ ಲಾ ಕಣಿವೆದಾರಿಯಲ್ಲಿ ಹಿಮ ಬಿದ್ದು ವಾಹನಗಳ ಸಾಲಿನಲ್ಲಿ ನಾಲ್ಕು ಗಂಟೆ ಸಿಕ್ಕಿಕೊಂಡೆವು. ಸರೋವರದ ದಂಡೆ ಸೇರಿದ ರಾತ್ರಿ ಅಣ್ಣನಿಗೆ ತಲೆನೋವು, ವಾಂತಿ, ಕೊನೆಗೆ ಮಲಗಲೂ ಆಗದಷ್ಟು ಉಸಿರಾಟದ ತೊಂದರೆ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪ್ಯಾಂಗಾಂಗಿನಿಂದ ಲೇಹ್‌ಗೆ ಇಳಿಯಬೇಕಾದರೆ ಮತ್ತೆ ಅದೇ ಚಾಂಗ್ ಲಾವನ್ನು ಹತ್ತಿ ದಾಟಬೇಕು. ನಮ್ಮ ಚಾಲಕ ನಡುರಾತ್ರಿಯಲ್ಲಿ ದಾರಿಯ ನಡುವಿನ, ಸ್ವಲ್ಪ ತಗ್ಗಿನ ಊರಿನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಬೆಳಗಿನವರೆಗೆ ಆಮ್ಲಜನಕ ಕೊಟ್ಟರು. ಅಣ್ಣ ಚೇತರಿಸಿಕೊಂಡ. ಆ ರಾತ್ರಿ ಅತ್ತಿಗೆಯ ಮುಖ ಹೇಗಿತ್ತೆಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಇದಕ್ಕೆ ಅವಸರ ಕಾರಣವೇ ಹೊರತು ಋತು ಕಾರಣವಲ್ಲ ಎಂದು ನೀವು ಹೇಳಬಹುದು. ಅವಸರವೇ ಮುಖ್ಯ ಕಾರಣ, ಒಪ್ಪುತ್ತೇನೆ. ಆದರೆ ಮೇ ತಿಂಗಳಿನಲ್ಲಿ ಮೇಲಿನ ದಾರಿಗಳಲ್ಲಿ ಚಳಿಗಾಲ ಇನ್ನೂ ಮುಗಿದಿರುವುದಿಲ್ಲ. ಮನಾಲಿಯಿಂದ ಬರುವ ಹೆದ್ದಾರಿ ಕೆಲವು ವರ್ಷ ತಿಂಗಳ ಕೊನೆಯವರೆಗೂ ಪೂರ್ತಿಯಾಗಿ ತೆರೆದಿರುವುದಿಲ್ಲ. ಕೆಳಗಿನ ಹಳ್ಳಿಗಳ ಏಪ್ರಿಕಾಟ್ ಹೂವು ಏಪ್ರಿಲ್‌ನಲ್ಲೇ ಉದುರಿರುತ್ತದೆ, ಹೊಲಗಳಲ್ಲಿ ಹಸಿರು ಇನ್ನೂ ಎದ್ದಿರುವುದಿಲ್ಲ.

ಇನ್ನೊಂದು ಮಾತು ನನಗೆ ತಡವಾಗಿ ತಿಳಿದದ್ದು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಸೇರಿ ಸುಮಾರು 100 ಮಿಲಿಮೀಟರ್ ಮಾತ್ರ. ಅಲ್ಲಿನ ಬೇಸಾಯ ನಿಂತಿರುವುದು ಮೇಲಿನ ಹಿಮನದಿಗಳು ಕರಗಿ ಬರುವ ನೀರಿನ ಮೇಲೆ. ಬಿತ್ತನೆ ನಡೆಯುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಹಿಮನದಿಯ ನೀರು ತುಂಬಿ ಬರುವುದು ಜೂನ್ ನಂತರ. ಈ ನಡುವಿನ ಕೊರತೆಯನ್ನು ತುಂಬಲೆಂದೇ ಎಂಜಿನಿಯರ್ ಚೆವಾಂಗ್ ನೊರ್ಫೆಲ್ ಅವರು ಚಳಿಗಾಲದ ನೀರನ್ನು ಹಳ್ಳಿಗಳ ಮೇಲ್ಭಾಗದಲ್ಲಿ ಹೆಪ್ಪುಗಟ್ಟಿಸುವ ಕೃತಕ ಹಿಮನದಿಗಳನ್ನು ಕಟ್ಟಿಸಿದರು. ಸೋನಮ್ ವಾಂಗ್‌ಚುಕ್ ಅವರ ಹಿಮಸ್ತೂಪಗಳ ಉದ್ದೇಶವೂ ಅದೇ. ನಮ್ಮ ಕೆರೆ ಊರುಗಳಲ್ಲಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಇದ್ದಂತೆ ಲಡಾಖಿನ ಹಳ್ಳಿಗಳಲ್ಲಿ ಛುರ್‌ಪೋನ್ ಇರುತ್ತಾನೆ. ಅವನು ಒಂದೊಂದು ಹೊಲಕ್ಕೂ ಗಳಿಗೆ ಎಣಿಸಿ ನೀರು ಹಂಚುವ ವಾರಗಳಲ್ಲೇ ನಾವು ಹೋಗಿ ಹೋಟೆಲಿನ ಕೋಣೆಗಳಲ್ಲಿ ದಿನಕ್ಕೆರಡು ಸಲ ಸ್ನಾನ ಮಾಡುತ್ತೇವೆ. ಬಯಲುಸೀಮೆಯಲ್ಲಿ ಹುಟ್ಟಿ, ಕೊಡಗಳ ಸಾಲು ನೋಡಿ ಬೆಳೆದ ನನಗೆ ಇದು ತಿಳಿದ ಮೇಲೆ ಆ ಮೇ ಪ್ರವಾಸದ ನೆನಪು ಇನ್ನಷ್ಟು ಭಾರವಾಯಿತು.

ಇನ್ನು ಜುಲೈ ಮತ್ತು ಆಗಸ್ಟ್. ಮುಂಗಾರಿಗೆ ಹಿಮಾಲಯವೇ ಅಡ್ಡ ನಿಂತಿರುವುದರಿಂದ ಲಡಾಖ್ ಮಳೆನೆರಳಿನ ನಾಡು. ಆಗುಂಬೆಯಲ್ಲಿ ಸುರಿದ ಮೋಡ ಚಳ್ಳಕೆರೆ ತಲುಪುವ ಹೊತ್ತಿಗೆ ಹಗುರಾಗುವುದನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ದೇಶದ ಉಳಿದ ಭಾಗ ನೆನೆಯುವಾಗ ಲಡಾಖ್ ಒಣಗಿರುತ್ತದೆ ಎಂಬ ಸಲಹೆ ನಿಜವೇ. ಆದರೆ ಅದು ಅರ್ಧ ನಿಜ. ಅಲ್ಲಿಗೆ ಹೋಗುವ ಮನಾಲಿಯ ದಾರಿ ಮಳೆಯ ನಾಡನ್ನು ಹಾದೇ ಹೋಗುತ್ತದೆ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಕುಲು ಮತ್ತು ಮನಾಲಿಯ ರಸ್ತೆಗಳು ಕೊಚ್ಚಿಹೋದವು. ಒಣ ನಾಡಿನಲ್ಲೂ ಮೋಡ ಒಡೆಯುತ್ತದೆ: 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತಮುತ್ತ ನುಗ್ಗಿದ ಕೆಸರಿನ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಬಿಸಿಲೇರಿದ ಮಧ್ಯಾಹ್ನಗಳಲ್ಲಿ ಹಿಮ ಕರಗಿ ರಸ್ತೆಯನ್ನು ಅಡ್ಡ ಹಾಯುವ ಹಳ್ಳಗಳು ಉಬ್ಬುವುದೂ ಈ ತಿಂಗಳುಗಳಲ್ಲೇ. 2024ರ ಜುಲೈ ಕೊನೆಯಲ್ಲಂತೂ ಸೆಕೆ ಹೆಚ್ಚಾಗಿ, ತೆಳುವಾದ ಬಿಸಿಗಾಳಿಯಲ್ಲಿ ವಿಮಾನಗಳು ಏರಲಾರದೆ ಲೇಹ್‌ನ ಹಲವು ಹಾರಾಟಗಳು ರದ್ದಾದವು.

ಆದ್ದರಿಂದ ನನ್ನ ಆಯ್ಕೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗಿನ ಮೂರು ವಾರಗಳು. 2022ರಲ್ಲಿ ವಿಜಯದಶಮಿ ಅಕ್ಟೋಬರ್ 5ರಂದು ಬಂದಿತ್ತು. ಮಗಳ ಶಾಲೆಯಲ್ಲಿ ದಸರಾ ರಜೆಗೆ ಮೊದಲಿನ ದಿನಗಳಿಗೂ ಅನುಮತಿ ಕೇಳಿ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಹೊರಟು ಹನ್ನೆರಡು ದಿನ ಅಲ್ಲಿದ್ದೆವು. ಮೊದಲ ಎರಡು ದಿನ ಲೇಹ್‌ನ ಮನೆಯೊಂದರಲ್ಲಿ ಬಿಸಿನೀರು ಕುಡಿಯುತ್ತ ಸುಮ್ಮನೆ ಕುಳಿತಿದ್ದೆವು. ಮೂರನೆಯ ದಿನ ಆಲ್ಚಿಯ ಕಡೆಗೆ, ಅಂದರೆ ಇನ್ನೂ ತಗ್ಗಿಗೆ ಇಳಿದೆವು. ಬೇಸಿಗೆಯಲ್ಲಿ ಕೆಸರಿನ ಬಣ್ಣದಲ್ಲಿರುವ ಸಿಂಧೂ ನದಿ, ಮೇಲಿನ ಕರಗುವಿಕೆ ತಗ್ಗಿದ್ದರಿಂದ ತಿಳಿಯಾಗಿ ಹಸಿರು ನೀಲಿಯಾಗಿ ಹರಿಯುತ್ತಿತ್ತು. ಪಾಪ್ಲರ್ ಮತ್ತು ವಿಲೋ ಮರಗಳು ಅರಿಸಿನಕ್ಕೆ ತಿರುಗಲು ತೊಡಗಿದ್ದವು. ಹಗಲು ತೆಳು ಸ್ವೆಟರ್ ಸಾಕಾಗುವಷ್ಟು ಬಿಸಿಲು, ರಾತ್ರಿ ದಪ್ಪ ರಜಾಯಿ ಬೇಕಾಗುವಷ್ಟು ಚಳಿ.

ಲಡಾಖಿನ ಆಗ್ನೇಯದ ಹಳ್ಳಿಯಾದ ಹಾನ್ಲೆಗೆ ಹೋದದ್ದು ಎಲ್ಲಕ್ಕಿಂತ ಕೊನೆಗೆ, ದೇಹ ಪಳಗಿದ ಮೇಲೆ. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ಬೆಟ್ಟದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ, ವಿಜ್ಞಾನಿ ಎಸ್. ಚಂದ್ರಶೇಖರ್ ಅವರ ಹೆಸರಿನ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ನವರಾತ್ರಿಯ ಮೊದಲ ದಿನಗಳಲ್ಲಿ ಚಂದ್ರ ಬೇಗ ಮುಳುಗುತ್ತಾನೆ, ಮುಂಗಾರಿನ ಮೋಡ ಹಿಂದೆ ಸರಿದಿರುತ್ತದೆ. ಪಂಚಮಿಯ ಚಂದ್ರ ಮರೆಯಾದ ಮೇಲೆ ಕಂಡ ಆಕಾಶಗಂಗೆಯನ್ನು ನೋಡಿ ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಆ ರಾತ್ರಿ ಹೊರಗಿಟ್ಟ ನೀರಿನ ಬಾಟಲಿ ಬೆಳಗಿನ ಹೊತ್ತಿಗೆ ಮಂಜುಗಡ್ಡೆಯಾಗಿತ್ತು ಎಂಬುದನ್ನೂ ಹೇಳಲೇಬೇಕು. ಚಿಕ್ಕ ಮಕ್ಕಳಿದ್ದರೆ ಹಾನ್ಲೆಯನ್ನು ಬಿಟ್ಟುಬಿಡಿ.

ದಸರೆ ಪ್ರತಿ ವರ್ಷವೂ ಇಷ್ಟು ಬೇಗ ಬರುವುದಿಲ್ಲ. 2023ರಂತೆ ಅಕ್ಟೋಬರ್ 24ಕ್ಕೆ ಬಂದರೆ ಸರೋವರದ ದಂಡೆಯ ಡೇರೆಗಳು ಬಹುತೇಕ ಮುಚ್ಚಿರುತ್ತವೆ, ಚಳಿಯೂ ಕಟುವಾಗಿರುತ್ತದೆ. ಅಂಥ ವರ್ಷ ರಜೆಗೆ ಕಾಯದೆ ಸೆಪ್ಟೆಂಬರ್‌ನಲ್ಲೇ ಹೋಗುವುದು ಒಳ್ಳೆಯದು. ಬೇಸಿಗೆ ರಜೆ ಬಿಟ್ಟರೆ ಬೇರೆ ದಾರಿಯೇ ಇಲ್ಲದವರು ಏಪ್ರಿಲ್ ನಡುವಿನಲ್ಲಿ ಹೋಗಿ, ಎತ್ತರದ ಸರೋವರಗಳ ಆಸೆ ಬಿಟ್ಟು, ಕೆಳಗಿನ ಹಳ್ಳಿಗಳ ಏಪ್ರಿಕಾಟ್ ಹೂವು ನೋಡಿ ಬರಲಿ. ಹಿಮಚಿರತೆಯನ್ನು ಹುಡುಕುವವರಿಗೂ ಹೆಪ್ಪುಗಟ್ಟಿದ ಜಾನ್ಸ್ಕಾರ್ ನದಿಯ ಮೇಲೆ ನಡೆಯುವವರಿಗೂ ಚಳಿಗಾಲವೇ ಬೇಕು. ಅದು ಬೇರೆಯೇ ಸಿದ್ಧತೆಯ ಮಾತು. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರು ಯಾವ ಋತುವಿನಲ್ಲಾದರೂ ವೈದ್ಯರನ್ನು ಕೇಳದೆ ಟಿಕೆಟ್ ಕೊಳ್ಳಬಾರದು.

ಆಲ್ಚಿಯ ಹತ್ತಿರ ನಾವು ಉಳಿದಿದ್ದ ಮನೆಯ ಪಕ್ಕದಲ್ಲೇ ಕಣವಿತ್ತು. ವರ್ಷದ ಒಂದೇ ಬೆಳೆಯಾದ ಬಾರ್ಲಿಯ ಕೊಯ್ಲು ಮುಗಿದು, ಮನೆಯವರೆಲ್ಲ ಸೇರಿ ಕಾಳನ್ನು ತೂರುತ್ತಿದ್ದರು. ಗಾಳಿ ನಿಂತಾಗ ಅವರು ಶಿಳ್ಳೆ ಹಾಕಿ ಅದನ್ನು ಕರೆಯುತ್ತಾರೆ. ಮನೆಯ ಅಜ್ಜಿ ನನ್ನ ಹೆಂಡತಿಯ ಕೈಗೂ ಒಂದು ಮೊರವನ್ನು ಕೊಟ್ಟರು. ಗದಗಿನ ಕಡೆಯ ರೈತರ ಮನೆಯಲ್ಲಿ ಹುಟ್ಟಿದ ಅವಳಿಗೆ ತೂರುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಬೆಣ್ಣೆಯ ಚಹಾ ಕುಡಿಯುತ್ತ ಭಾಷೆ ಅರಿಯದ ಆ ಇಬ್ಬರೂ ಸಂಜೆಯವರೆಗೆ ರಾಶಿಯ ಪಕ್ಕದಲ್ಲೇ ಕುಳಿತಿದ್ದರು.